ಹಳೆಯ ಆರ್‌ಎಕ್ಸ್ 100 ರೇಸ್ ಟ್ರ್ಯಾಕ್‌ಗೆ ಇಳಿಯುವ ಮೊದಲು

(ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಗ್ಯಾರೇಜ್ ಕೆಲಸ ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯಮಹಾ ಆರ್‌ಎಕ್ಸ್ 100 ಬಗ್ಗೆ ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಪ್ಪನದ್ದೋ ಚಿಕ್ಕಪ್ಪನದ್ದೋ ಗಾಡಿಯ ಟ್ಯಾಂಕ್ ಮೇಲೆ ಕೂತು ಬೆಳೆದವರು ಇಲ್ಲಿ ಬಹಳ ಜನ ಇದ್ದೀರಿ. 1985ರಲ್ಲಿ ಬಂತು, 1996ರಲ್ಲಿ ನಿಂತಿತು. 98 ಸಿಸಿ ಟೂ-ಸ್ಟ್ರೋಕ್ ಎಂಜಿನ್, 11 ಹಾರ್ಸ್‌ಪವರ್, ನಾಲ್ಕು ಗೇರ್, ನೂರು ಕಿಲೋ ಆಸುಪಾಸಿನ ತೂಕ. ನಿಂತು ಇಷ್ಟು ವರ್ಷವಾದರೂ ಅದನ್ನು ಟ್ರ್ಯಾಕ್‌ನಲ್ಲಿ ಓಡಿಸುವ ಆಸೆ ಜನರಿಗೆ ಹೋಗಿಲ್ಲ. ನನಗೂ ಹೋಗಿಲ್ಲ.

ನನ್ನ ಹತ್ತಿರ ಬರುವವರು ಮೊದಲು ಪವರ್ ಬಗ್ಗೆ ಕೇಳುತ್ತಾರೆ. ಯಾವ ಕಾರ್ಬುರೇಟರ್ ಹಾಕಲಿ, ಯಾವ ಪೈಪ್ ಹಾಕಲಿ, ಪೋರ್ಟಿಂಗ್, ಅಂದರೆ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಉಜ್ಜಿ ದೊಡ್ಡದು ಮಾಡುವ ಕೆಲಸ, ಎಷ್ಟು ಮಾಡಿಸಲಿ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಸುತ್ತಾಗಿ ಬದಲಿಸುವ ದಂಡ, ಎಷ್ಟು ಔಟ್ ಇದೆ, ಎಷ್ಟು ಓರೆಯಾಗಿ ತಿರುಗುತ್ತಿದೆ? ಬಹಳ ಜನರಿಗೆ ಗೊತ್ತಿರುವುದಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. ಮೂವತ್ತು ವರ್ಷದ ಗಾಡಿಯನ್ನು ಮೊದಲು ಫ್ಯಾಕ್ಟರಿ ಅಳತೆಗೆ ವಾಪಸ್ ತರಬೇಕು. ಆಮೇಲೆ ಒಂದೊಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನೆಲ್ಲ ಬರೆದಿಡಬೇಕು. ಕಿವಿಯಲ್ಲಿ ಕೇಳಿ ಟ್ಯೂನ್ ಮಾಡುವ ಮೇಸ್ತ್ರಿಗಳ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಕಿವಿ ಹೇಳಿದ್ದನ್ನು ಗೇಜ್ ಹತ್ತಿರ ಒಮ್ಮೆ ಕೇಳಿ ನೋಡಬೇಕು.

ಮೊದಲು ಗಾಡಿ ಆರಿಸುವ ವಿಷಯ, ಬೇಗ ಮುಗಿಸುತ್ತೇನೆ. ಚೆನ್ನಾಗಿ ಉಳಿದಿರುವ, ಒರಿಜಿನಲ್ ಪೇಂಟ್ ಇರುವ ಗಾಡಿಯನ್ನು ದಯವಿಟ್ಟು ಕತ್ತರಿಸಬೇಡಿ. ಅಂಥವು ಈಗ ಬಹಳ ಕಡಿಮೆ ಉಳಿದಿವೆ. ಅದನ್ನು ಹಾಗೇ ಇಟ್ಟುಕೊಳ್ಳುವವರಿಗೆ ಬಿಡಿ. ಟ್ರ್ಯಾಕ್‌ಗೆ ಬೇಕಾಗಿರುವುದು ನೆಟ್ಟಗಿರುವ ಚಾಸಿ ಮತ್ತು ಒಡೆಯದ ಎಂಜಿನ್ ಕೇಸ್. ಟ್ಯಾಂಕ್ ನಗ್ಗಿದ್ದರೂ ಪರವಾಗಿಲ್ಲ, ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಆದರೆ ಒಂದು ಎಚ್ಚರ. ಟ್ರ್ಯಾಕ್ ಗಾಡಿಗೆ ಆರ್‌ಸಿ ಯಾಕೆ ಅಂತ ಅಂದುಕೊಂಡು ಕಾಗದ ನೋಡದೆ ಕೊಳ್ಳಬೇಡಿ. ಈ ಗಾಡಿ ಜಾಸ್ತಿ ಕಳುವಾಗುವ ಗಾಡಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ಹೊಂದಬೇಕು. ನಂಬರ್ ಉಜ್ಜಿರುವ ಚಾಸಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಈಗ ಎಂಜಿನ್‌ಗೆ ಬರೋಣ. ಕೆಳಗಿನಿಂದ ಶುರು.

ಆರ್‌ಎಕ್ಸ್ 100 ಎಂಜಿನ್‌ನ ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 50 ಮಿ.ಮೀ. ಫ್ಯಾಕ್ಟರಿ ಲೆಕ್ಕದಲ್ಲಿ ಅದರ ಪೂರ್ತಿ ಪವರ್ ಬರುವುದು 7,500 ಆರ್‌ಪಿಎಂನಲ್ಲಿ. ರೇಸ್‌ಗೆ ಟ್ಯೂನ್ ಮಾಡಿದಾಗ ಅದನ್ನು 10,000ಕ್ಕೆ ಒಯ್ಯುತ್ತೇವೆ ಅಂತ ಇಟ್ಟುಕೊಳ್ಳಿ. ನೋಡುವುದಕ್ಕೆ ಮೂರನೇ ಒಂದು ಭಾಗ ಜಾಸ್ತಿ, ಅಷ್ಟೇ ಅಲ್ವಾ? ಆದರೆ ಪಿಸ್ಟನ್ ಮೇಲೆ ಹೋಗಿ ನಿಂತು ಕೆಳಗೆ ತಿರುಗುವಾಗ ಅದನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 10,000ವನ್ನು 7,500ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸುಮಾರು 1.78 ಬರುತ್ತದೆ. ಅಂದರೆ ಅದೇ ರಾಡ್, ಅದೇ ಬೇರಿಂಗ್ ಈಗ ಮುಕ್ಕಾಲು ಪಾಲು ಜಾಸ್ತಿ ಎಳೆತ ತಾಳಬೇಕು. ಹೊಸ ರಾಡ್‌ಗೇ ಇದು ಕಷ್ಟ. ಮೂವತ್ತು ವರ್ಷ ಹಾಲಿನ ಕ್ಯಾನ್ ಹೊತ್ತು ಓಡಿದ ಗಾಡಿಯ ರಾಡ್ ಆದರೆ?

ಅದಕ್ಕೇ ಕ್ರ್ಯಾಂಕ್ ಬಿಚ್ಚಲೇಬೇಕು. ಹೊಸ ರಾಡ್ ಕಿಟ್ ಹಾಕಿ ಪ್ರೆಸ್ ಮಾಡಿಸಿದ ಮೇಲೆ ಎರಡು ಸೆಂಟರ್ ನಡುವೆ ಅಥವಾ ವಿ-ಬ್ಲಾಕ್ ಮೇಲೆ ಇಟ್ಟು ಸಣ್ಣ ಓರೆಯನ್ನೂ ಸೂಜಿಯಲ್ಲಿ ತೋರಿಸುವ ಡಯಲ್ ಗೇಜ್ ಹಚ್ಚಿ ತಿರುಗಿಸಿ. ಸೂಜಿ ಎಷ್ಟು ಓಲಾಡುತ್ತದೋ ಅಷ್ಟು ಔಟ್. 0.03 ಮಿ.ಮೀ. ದಾಟಿದರೆ ನಾನು ಒಪ್ಪುವುದಿಲ್ಲ. ಕೆಲವರು ತಾಮ್ರದ ಸುತ್ತಿಗೆಯಲ್ಲಿ ಎರಡೇಟು ಕೊಟ್ಟು ಸರಿಮಾಡುತ್ತಾರೆ. ಅದು ಸರಿಯಾದ ವಿಧಾನವೇ. ಆದರೆ ಏಟು ಎಲ್ಲಿ ಕೊಡಬೇಕು ಅಂತ ಹೇಳುವುದು ಡಯಲ್ ಗೇಜ್. ಗೇಜ್ ಇಲ್ಲದೆ ಏಟು ಕೊಡುವ ಕಡೆ ಕ್ರ್ಯಾಂಕ್ ಕೊಡಬೇಡಿ. ಮುಖ್ಯ ಬೇರಿಂಗ್, ಎರಡೂ ಕಡೆಯ ಆಯಿಲ್ ಸೀಲ್ ಹೊಸದೇ ಆಗಬೇಕು.

ಸೀಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೂತಿರುವ ಡಬ್ಬಿ, ಅಂದರೆ ಕ್ರ್ಯಾಂಕ್ ಕೇಸ್ ಕೂಡ ಒಂದು ಪಂಪ್. ಪೆಟ್ರೋಲ್ ಮತ್ತು ಗಾಳಿ ಮೊದಲು ಅಲ್ಲಿಗೇ ಬರುತ್ತವೆ, ಅಲ್ಲಿಂದ ಮೇಲೆ ಹೋಗುತ್ತವೆ. ಮ್ಯಾಗ್ನೆಟ್ ಕಡೆಯ ಸೀಲ್ ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಸುಮ್ನೆ ಗಾಳಿ ಒಳಗೆ ಬರುತ್ತದೆ. ಕಾರ್ಬುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುವುದಿಲ್ಲ. ಪಿಸ್ಟನ್ ಕಾಯುತ್ತದೆ, ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಆಮೇಲೆ ಎಲ್ಲರೂ ಜೆಟ್ಟನ್ನು, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತನ್ನು, ಬೈಯುತ್ತಾರೆ. ಇದನ್ನು ತಡೆಯುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಸೈಲೆನ್ಸರ್, ಕಾರ್ಬುರೇಟರ್ ಬಿಚ್ಚಿ, ಅವು ಎಂಜಿನ್ನಿಗೆ ಸೇರುವ ಬಾಯಿ ಎರಡನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ. ಒಂದು ಬಿರಡೆಯಲ್ಲಿ ಸಣ್ಣ ಪೈಪ್ ಕೂರಿಸಿ, ಕೈ ಪಂಪಿನಿಂದ ಐದಾರು ಪಿಎಸ್ಐ ಗಾಳಿ ತುಂಬಿ ಗೇಜ್ ನೋಡಿ. ಮುಳ್ಳು ಬೇಗ ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ಹುಡುಕಿ. ಈ ಪರೀಕ್ಷೆಗೆ ಬೇಕಾದ ಸಾಮಾನು ಒಂದು ಪಿಸ್ಟನ್ ಕಿಟ್‌ಗಿಂತ ಅಗ್ಗ. ಇದು ಪಾಸಾಗದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಬ್ಲಾಕ್ ಬೋರ್ ಮಾಡಿಸುವಾಗ ಪಿಸ್ಟನ್ ಮೊದಲು ಕೊಳ್ಳಿ, ಬೋರ್ ಆಮೇಲೆ ಮಾಡಿಸಿ. ಪಿಸ್ಟನ್ ಡಬ್ಬಿಯ ಮೇಲೆ ಬರೆದ ಸೈಜ್ ಒಂದು, ಕೈಯಲ್ಲಿರುವ ಪಿಸ್ಟನ್ ಇನ್ನೊಂದು ಆಗಿರುತ್ತದೆ. ಮೈಕ್ರೋಮೀಟರ್‌ನಲ್ಲಿ ಪಿಸ್ಟನ್ ಅಳೆದು, ಅದಕ್ಕೆ ಸರಿಯಾದ ಸಂದು ಬಿಟ್ಟು ಬೋರ್ ಮಾಡಲು ಹೇಳಿ. ರೇಸ್‌ನಲ್ಲಿ ಏರ್-ಕೂಲ್ಡ್ ಎಂಜಿನ್ ಜಾಸ್ತಿ ಕಾಯುವುದರಿಂದ ಮ್ಯಾನುವಲ್ ಹೇಳುವ ಮಿತಿಯ ಮೇಲಿನ ತುದಿಯಲ್ಲಿ ಇರುವುದು ಒಳ್ಳೆಯದು. ಹೋನಿಂಗ್ (ಬೋರಿನ ಒಳಮೈಯನ್ನು ಕಲ್ಲಿನಿಂದ ಉಜ್ಜುವುದು) ಆದ ಮೇಲೆ ಪೋರ್ಟ್‌ಗಳ ಅಂಚನ್ನು ಸ್ವಲ್ಪ ಸವರಲೇಬೇಕು. ಇಲ್ಲದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಇಷ್ಟು ಮಾಡಿದ ಮೇಲೂ ಒಂದು ಪೈಸೆಯ ಪವರ್ ಜಾಸ್ತಿ ಮಾಡಿಲ್ಲ ಅಂತ ನಿಮಗೆ ಅನಿಸಬಹುದು. ಒಂದು ಸಲ ಓಡಿಸಿ ನೋಡಿ. ಹೊಸ ಆರ್‌ಎಕ್ಸ್ 100 ಹೇಗಿತ್ತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಗೊತ್ತಾಗುವುದು ಆಗಲೇ.

ಇನ್ನು ಟ್ಯೂನಿಂಗ್. ಇದರಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಎಕ್ಸಾಸ್ಟ್ ಪೈಪ್, ಅಂದರೆ ಹೊಗೆ ಹೊರಗೆ ಹೋಗುವ ಪೈಪ್ ಬಗ್ಗೆ. ಟೂ-ಸ್ಟ್ರೋಕ್‌ನ ನಿಜವಾದ ಬುದ್ಧಿ ಇರುವುದು ಅಲ್ಲೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯ ಚೋಪಾವ್ ಎಂಬ ಊರಿನಲ್ಲಿ ಎಂಜಡ್ ಅನ್ನುವ ಬೈಕ್ ಕಂಪನಿ ಇತ್ತು. ಅಲ್ಲಿ ವಾಲ್ಟರ್ ಕಾಡೆನ್ ಅನ್ನುವ ಎಂಜಿನಿಯರ್ ರೇಸ್ ವಿಭಾಗ ನೋಡಿಕೊಳ್ಳುತ್ತಿದ್ದರು. ಯುದ್ಧದ ಕಾಲದಲ್ಲಿ ಪೀನಮುಂಡೆಯ ಕ್ಷಿಪಣಿ ಕೇಂದ್ರದಲ್ಲಿ ಕೆಲಸ ಮಾಡಿದ್ದವರು. ದುಡ್ಡಿಲ್ಲ, ಒಳ್ಳೆಯ ಲೋಹ ಸಿಗುವುದಿಲ್ಲ, ಅಂಥ ಕಾಲ. ಅವರು ಎಕ್ಸಾಸ್ಟ್ ಪೈಪಿನೊಳಗೆ ಓಡುವ ಒತ್ತಡದ ಅಲೆಯನ್ನೇ ಕೆಲಸಕ್ಕೆ ಹಚ್ಚಿದರು. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಹಾರ್ಸ್‌ಪವರ್ ಕೊಡುತ್ತಿತ್ತು. ಲೀಟರ್ ಲೆಕ್ಕದಲ್ಲಿ 200. ಟರ್ಬೊ, ಸೂಪರ್‌ಚಾರ್ಜರ್ ಯಾವುದೂ ಇಲ್ಲದೆ ಅಲ್ಲಿಗೆ ಮೊದಲು ಮುಟ್ಟಿದ ಎಂಜಿನ್ ಅದು. ನಮ್ಮ ಆರ್‌ಎಕ್ಸ್ 100 ಅದೇ ಲೆಕ್ಕದಲ್ಲಿ 112. ಅದೇ ವರ್ಷ ಸ್ವೀಡನ್‌ನ ರೇಸ್‌ಗೆ ಹೋದ ಎಂಜಡ್ ಸವಾರ ಅರ್ನ್ಸ್ಟ್ ಡೆಗ್ನರ್ ವಾಪಸ್ ಬರಲಿಲ್ಲ. ಪಶ್ಚಿಮಕ್ಕೆ ತಪ್ಪಿಸಿಕೊಂಡು ಸುಜುಕಿ ಸೇರಿದರು. ಕಾಡೆನ್ ವಿದ್ಯೆ ಅವರ ಜೊತೆ ಜಪಾನಿಗೆ ಹೋಯಿತು. 1962ರಲ್ಲಿ ಸುಜುಕಿಯ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದವರು ಡೆಗ್ನರ್. ಆಮೇಲೆ ಬಂದ ರೇಸಿಂಗ್ ಟೂ-ಸ್ಟ್ರೋಕ್‌ಗಳೆಲ್ಲ ಆ ದಾರಿಯಲ್ಲೇ ನಡೆದವು. ಇವತ್ತು ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಸುತ್ತಿ ಮಾಡುವ ಚೇಂಬರ್ ಪೈಪಿನ, ಅಂದರೆ ನಡುವೆ ಉಬ್ಬಿದ ಎಕ್ಸಾಸ್ಟ್ ಪೈಪಿನ, ಹಿಂದೆ ಇಷ್ಟು ದೊಡ್ಡ ಕಥೆ ಇದೆ. ನನಗೆ ಅದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಅಲೆ ಮಾಡುವ ಕೆಲಸ ಏನು? ಎಕ್ಸಾಸ್ಟ್ ಪೋರ್ಟ್ ತೆರೆದ ಕೂಡಲೇ ಒಂದು ಒತ್ತಡದ ಅಲೆ ಪೈಪಿನಲ್ಲಿ ಹೊರಡುತ್ತದೆ. ಪೈಪ್ ಅಗಲವಾಗುತ್ತಾ ಹೋಗುವ ಕಡೆ ಅದು ಹಿಂದಕ್ಕೆ ಎಳೆತ ಕಳಿಸುತ್ತದೆ, ಸಿಲಿಂಡರಿನಲ್ಲಿರುವ ಸುಟ್ಟ ಗಾಳಿ ಹೊರಗೆ ಬರುತ್ತದೆ. ಅದರ ಹಿಂದೆಯೇ ಹೊಸ ಮಿಶ್ರಣವೂ ಸ್ವಲ್ಪ ಹೊರಗೆ ನುಗ್ಗುತ್ತದೆ. ಆಗ ಪೈಪ್ ಕಿರಿದಾಗುವ ತುದಿಗೆ ಬಡಿದು ವಾಪಸ್ ಬಂದ ಅಲೆ, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರನ್ನು ಕಂಡಕ್ಟರ್ ಒಳಗೆ ತಳ್ಳುವ ಹಾಗೆ, ಆ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೋರ್ಟ್ ಮುಚ್ಚುತ್ತದೆ. ಎಲ್ಲವೂ ಸಮಯದ ಆಟ.

ಆ ಸಮಯ ಲೆಕ್ಕ ಹಾಕೋಣ, ಕಷ್ಟವಿಲ್ಲ. 9,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 150 ಸುತ್ತು. ಒಂದು ಸುತ್ತಿಗೆ 6.67 ಮಿಲಿ ಸೆಕೆಂಡ್. ಎಕ್ಸಾಸ್ಟ್ ಪೋರ್ಟ್ 180 ಡಿಗ್ರಿ ತೆರೆದಿರುತ್ತದೆ ಅಂತ ಇಟ್ಟುಕೊಂಡರೆ ಅರ್ಧ ಸುತ್ತು, 3.33 ಮಿಲಿ ಸೆಕೆಂಡ್. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಷ್ಟು ಹೊತ್ತಿನಲ್ಲಿ ಅಲೆ 1.67 ಮೀಟರ್ ಓಡುತ್ತದೆ. ಹೋಗಿ ಬರಬೇಕಲ್ಲ, ಅದರ ಅರ್ಧ, 83 ಸೆಂಟಿಮೀಟರ್. ಪಿಸ್ಟನ್ ಮುಖದಿಂದ ಕಿರಿದಾಗುವ ಕೋನ್‌ವರೆಗಿನ ಉದ್ದ ಸುಮಾರು ಇಷ್ಟಿರಬೇಕು. 10,000ಕ್ಕೆ ಮಾಡಿದರೆ 75 ಸೆಂಟಿಮೀಟರ್. ಇದು ಶುರುವಿನ ಲೆಕ್ಕ ಮಾತ್ರ. ಆಮೇಲೆ ಪವರ್ ಅಳೆಯುವ ಯಂತ್ರವಾದ ಡೈನೋ ಮೇಲೆ ಅಥವಾ ಟ್ರ್ಯಾಕ್ ಮೇಲೆ ಇಷ್ಟಿಷ್ಟೇ ಕತ್ತರಿಸಿ ನೋಡಬೇಕಾಗುತ್ತದೆ. ಆದರೆ ಯಾರೋ ಮಾಡಿದ ಪೈಪ್ ತಂದು ನಿಮ್ಮ ಪೋರ್ಟಿಂಗ್‌ಗೆ ಹಾಕಿದರೆ ಯಾಕೆ ಹೊಂದುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ? ಪೋರ್ಟ್ ಎಷ್ಟು ಡಿಗ್ರಿ ತೆರೆದಿರುತ್ತದೆ ಅಂತ ತಿಳಿಯದೆ ಪೈಪಿನ ಉದ್ದ ಹೇಳಲು ಆಗುವುದೇ ಇಲ್ಲ.

ಪೋರ್ಟಿಂಗ್ ಬಗ್ಗೆ ಇದೇ ಮಾತು. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದು ಮಿ.ಮೀ. ಎತ್ತರಿಸಿದರೆ ತೆರೆದಿರುವ ಅವಧಿ ನಾಲ್ಕರಿಂದ ಐದು ಡಿಗ್ರಿ ಜಾಸ್ತಿಯಾಗುತ್ತದೆ. ಒಂದೇ ಒಂದು ಮಿ.ಮೀ. ಗ್ರೈಂಡರ್ ಸ್ವಲ್ಪ ಜಾರಿದರೂ ಆಯಿತು. ತೆಗೆದ ಲೋಹ ವಾಪಸ್ ಬರುವುದಿಲ್ಲ. ಆದ್ದರಿಂದ ಮೊದಲು ಕ್ರ್ಯಾಂಕ್‌ಗೆ ಡಿಗ್ರಿ ಚಕ್ರ ಕಟ್ಟಿ, ಈಗ ಯಾವ ಪೋರ್ಟ್ ಎಷ್ಟು ಡಿಗ್ರಿಗೆ ತೆರೆಯುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಗ್ರೈಂಡರ್ ಹಿಡಿಯಿರಿ. ಪೋರ್ಟ್ ಎತ್ತರಿಸಿದಷ್ಟೂ ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತದೆ, ಕೆಳಗೆ ಖಾಲಿ ಆಗುತ್ತದೆ. ನಮ್ಮದು ನಾಲ್ಕೇ ಗೇರ್. ಗೇರ್ ಬದಲಾಯಿಸಿದಾಗ ಆರ್‌ಪಿಎಂ ಬಹಳ ಕೆಳಗೆ ಬೀಳುತ್ತದೆ. ಪವರ್ ಇರುವ ಪಟ್ಟಿ ಕಿರಿದಾಗಿದ್ದರೆ ಪ್ರತಿ ಗೇರಿಗೂ ಎಂಜಿನ್ ಸತ್ತ ಹಾಗಾಗುತ್ತದೆ. ಡೈನೋ ಕಾಗದದ ಮೇಲೆ ದೊಡ್ಡ ನಂಬರ್ ಇರುತ್ತದೆ, ಲ್ಯಾಪ್ ಟೈಮ್ ಮಾತ್ರ ಹಾಗೇ ಇರುತ್ತದೆ. ನಾಲ್ಕು ಗೇರಿನ ಗಾಡಿಗೆ ನಾನು ಯಾವಾಗಲೂ ಅಗಲವಾದ ಪವರ್ ಕೇಳುತ್ತೇನೆ. ದೊಡ್ಡ ಪವರ್ ಅಲ್ಲ.

ಹೆಡ್ ಸ್ಕಿಮ್ ಮಾಡಿಸುವಾಗಲೂ, ಅಂದರೆ ಸಿಲಿಂಡರಿನ ಮುಚ್ಚಳದ ತಳವನ್ನು ತೆಳುವಾಗಿ ಕೆರೆಸುವಾಗಲೂ, ಅಳೆಯಿರಿ. ಪ್ಲಗ್ ತೂತಿನಿಂದ ಮೆತ್ತಗಿನ ಸೋಲ್ಡರ್ ತಂತಿ ಇಳಿಸಿ, ಪಿಸ್ಟನ್ನನ್ನು ಕೈಯಲ್ಲಿ ಮೇಲಕ್ಕೆ ತಿರುಗಿಸಿ, ಜಜ್ಜಿದ ತಂತಿಯ ದಪ್ಪ ನೋಡಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಸ್ಕ್ವಿಶ್ ಸಂದು ಅದೇ. ಈ ಸೈಜಿನ ಎಂಜಿನ್‌ಗೆ 0.8ರಿಂದ 1 ಮಿ.ಮೀ. ನಡುವೆ ಇದ್ದರೆ ನೆಮ್ಮದಿ.

ಈಗ ಜೆಟ್ಟಿಂಗ್, ಅಂದರೆ ಸರಿಯಾದ ಸೈಜಿನ ಜೆಟ್ ಆರಿಸುವುದು. ನಮ್ಮ ಊರಿನವರಿಗೆ ಇದು ವಿಶೇಷವಾಗಿ ಮುಖ್ಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಾವು ರೇಸ್‌ಗೆ ಹೋಗುವುದು ಎಲ್ಲಿಗೆ? ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ. ಅದು ಹೆಚ್ಚುಕಡಿಮೆ ಸಮುದ್ರ ಮಟ್ಟ. ನಮ್ಮೂರಿನ ಗಾಳಿಯ ಒತ್ತಡ ಅಲ್ಲಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಚೆನ್ನೈ ಸೆಖೆ ಗಾಳಿಯನ್ನು ಸ್ವಲ್ಪ ತೆಳು ಮಾಡುತ್ತದೆ, ಅದನ್ನು ಕಳೆದರೂ ಅಲ್ಲಿನ ಗಾಳಿ ನಮ್ಮದಕ್ಕಿಂತ ದಪ್ಪ. ಎಂಜಿನ್ ಒಳಗೆ ಗಾಳಿ ಜಾಸ್ತಿ ಹೋಗುತ್ತದೆ, ಪೆಟ್ರೋಲ್ ಮಾತ್ರ ಆ ಲೆಕ್ಕಕ್ಕೆ ಏರುವುದಿಲ್ಲ. ನೈಸ್ ರೋಡ್ ಆಚೆ ಎಲ್ಲೋ ಓಡಿಸಿ ಎಲ್ಲ ಸರಿ ಇದೆ ಅಂತ ಹೊರಟ ಗಾಡಿ ಅಲ್ಲಿ ಲೀನ್ ಆಗುತ್ತದೆ. ಉದ್ದದ ಸ್ಟ್ರೈಟ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದು ಹಿಡಿದಾಗ ಪಿಸ್ಟನ್ ಹಿಡಿಯುತ್ತದೆ, ಹಿಂದಿನ ಚಕ್ರ ಲಾಕ್ ಆಗುತ್ತದೆ. ಆ ವೇಗದಲ್ಲಿ ಅದು ಎಷ್ಟು ಅಪಾಯ ಅಂತ ಹೇಳಬೇಕಾಗಿಲ್ಲ. ಅದಕ್ಕೆ ಮೇನ್ ಜೆಟ್ಟನ್ನು ಮೊದಲು ಎರಡು ಸೈಜ್ ದೊಡ್ಡದು ಹಾಕಿಕೊಂಡು ಹೋಗಿ. ಅಲ್ಲಿ ಒಂದೊಂದೇ ಸೈಜ್ ಇಳಿಸುತ್ತಾ ಬನ್ನಿ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು, ಕಿಲ್ ಸ್ವಿಚ್ ಒತ್ತಿ, ಹಾಗೇ ಪಕ್ಕಕ್ಕೆ ಬಂದು ಪ್ಲಗ್ ತೆಗೆದು ನೋಡಿ. ಪಿಂಗಾಣಿಯ ಬುಡದಲ್ಲಿ ಬಣ್ಣದ ಉಂಗುರ ಕಾಣಬೇಕು. ಪೂರ್ತಿ ಬಿಳಿ ಇದ್ದರೆ ನಿಲ್ಲಿಸಿ. ಎಡಗೈಯ ಎರಡು ಬೆರಳು ಕ್ಲಚ್ ಲಿವರ್ ಮೇಲೆ ಯಾವಾಗಲೂ ಇರಲಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಉಲ್ಟಾ ತಿಳಿದಿದ್ದಾರೆ. ಆಯಿಲ್ ಪಂಪ್ ತೆಗೆದು ಪೆಟ್ರೋಲ್‌ಗೇ ಆಯಿಲ್ ಬೆರೆಸುವಾಗ, ಭಯಕ್ಕೆ ಆಯಿಲ್ ಜಾಸ್ತಿ ಹಾಕಿದರೆ ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಆಗುವುದಿಲ್ಲ, ಲೀನ್ ಆಗುತ್ತದೆ. ಜೆಟ್ಟಿನ ತೂತು ಅಷ್ಟೇ ಇದೆ, ಅದರಲ್ಲಿ ಆಯಿಲ್‌ಗೆ ಜಾಗ ಕೊಟ್ಟಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. 30ಕ್ಕೆ 1 ಅಂದರೆ ಲೀಟರಿಗೆ 33 ಮಿ.ಲೀ. ಒಂದು ಅನುಪಾತ ಇಟ್ಟುಕೊಳ್ಳಿ, ಅದಕ್ಕೇ ಜೆಟ್ ಮಾಡಿ, ಆಮೇಲೆ ಬದಲಾಯಿಸಬೇಡಿ.

ಚಾಸಿ ಬಗ್ಗೆ ಚುಟುಕಾಗಿ. ಸ್ವಿಂಗ್ ಆರ್ಮ್ ಬುಷ್ ಸವೆದಿದ್ದರೆ ಗಾಡಿ ತಿರುವಿನಲ್ಲಿ ಬಾಲ ಅಲ್ಲಾಡಿಸುತ್ತದೆ. ಲೇತ್‌ನಲ್ಲಿ ಕಂಚಿನ ಬುಷ್ ಮಾಡಿಸಿ. ಹ್ಯಾಂಡಲ್‌ನ ಕೋನ್ ಸೆಟ್ ತೆಗೆದು ಟೇಪರ್ ಬೇರಿಂಗ್ ಹಾಕಿ. ಹಳೆಯ ಡ್ರಮ್ ಬ್ರೇಕ್ ಒಂದೆರಡು ಲ್ಯಾಪ್ ಹಿಡಿಯುತ್ತದೆ, ಆಮೇಲೆ ಕಾದು ಕೈಕೊಡುತ್ತದೆ. ನಿಮ್ಮ ವರ್ಗದ ನಿಯಮ ಒಪ್ಪಿದರೆ ಹೊಸ ಗಾಡಿಯ ಫೋರ್ಕ್, ಅದನ್ನು ಹಿಡಿದಿಡುವ ಟಿ, ಡಿಸ್ಕ್ ಬ್ರೇಕ್ ಒಟ್ಟಿಗೇ ತಂದು ಕೂರಿಸಿ. 18 ಇಂಚಿನ ಅಗಲ ಕಡಿಮೆಯ ಟೈರಿಗಿಂತ 17 ಇಂಚಿನಲ್ಲಿ ಒಳ್ಳೆಯ ಅಂಟು ಟೈರ್ ಸುಲಭವಾಗಿ ಸಿಗುತ್ತವೆ. ಮುಂದೆ ಮಾತ್ರ ಇಳಿಸಿ ಹಿಂದೆ ಹಾಗೇ ಬಿಟ್ಟರೆ ಹ್ಯಾಂಡಲ್ ಚಂಚಲವಾಗುತ್ತದೆ. ಎರಡೂ ಕಡೆ ಲೆಕ್ಕ ಹಾಕಿ ಇಳಿಸಿ.

ಹ್ಯಾಂಡಲ್ ಕೆಳಗೆ, ಕಾಲಿಡುವ ಪೆಗ್ ಹಿಂದಕ್ಕೆ, ಮೈ ಟ್ಯಾಂಕಿಗೆ ಅಂಟಬೇಕು. ಇದು ನೋಟಕ್ಕಲ್ಲ. ಗಾಳಿ ಸೀಳಲು ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಶೇಕಡಾ 10 ವೇಗ ಜಾಸ್ತಿ ಬೇಕಾದರೆ ಶೇಕಡಾ 33 ಪವರ್ ಜಾಸ್ತಿ ಬೇಕು. ಬೆನ್ನು ಬಗ್ಗಿಸುವುದಕ್ಕೆ ಪೈಸೆ ಖರ್ಚಿಲ್ಲ.

ಏನನ್ನಾದರೂ ಕತ್ತರಿಸುವ ಮೊದಲು ನಿಯಮ ಪುಸ್ತಕ ಓದಿ. ನಮ್ಮ ದೇಶದಲ್ಲಿ ರೇಸ್ ಲೈಸೆನ್ಸ್ ಕೊಡುವುದು, ನಿಯಮ ಮಾಡುವುದು ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ. ಯಾವ ವರ್ಗದಲ್ಲಿ ಓಡಿಸುತ್ತೀರೋ ಅದರಲ್ಲಿ ಏನು ಬದಲಾಯಿಸಬಹುದು ಅಂತ ಮೊದಲೇ ತಿಳಿಯಿರಿ. ಹೆಡ್‌ಲೈಟ್, ಸ್ಟ್ಯಾಂಡ್, ಕನ್ನಡಿ ಹೋಗಬೇಕು. ಆಯಿಲ್ ಬೋಲ್ಟ್‌ಗೆ ತಂತಿ ಕಟ್ಟಬೇಕು. ಒಬ್ಬರ ಗಾಡಿಯಿಂದ ಬಿದ್ದ ಆಯಿಲ್ ಮೇಲೆ ಜಾರಿ ಬೀಳುವವರು ಹಿಂದೆ ಬರುವವರು.

ಪ್ರಶ್ನೆಗಳ ಸಮಯದಲ್ಲಿ ಒಬ್ಬರು ಕೇಳಿದರು: ಸರ್, ಇದೇ ಗಾಡಿಯನ್ನು ವಾರದ ದಿನ ರೋಡ್ ಮೇಲೂ ಓಡಿಸಬಹುದಾ? ಬೇಡ ಅಂದೆ. ಚೇಂಬರ್ ಪೈಪ್ ಹಾಕಿ ರೋಡ್ ಮೇಲೆ ಓಡಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಜಾಸ್ತಿ, ರಾತ್ರಿ ಹನ್ನೊಂದಕ್ಕೆ ಮಲಗಿರುವ ಮಗುವನ್ನು ಎಬ್ಬಿಸುವ ಹಕ್ಕು ನಮಗಿಲ್ಲ. ಟೆಂಪೋದಲ್ಲಿ ಹಾಕಿಕೊಂಡು ಟ್ರ್ಯಾಕ್‌ಗೆ ಹೋಗಿ.

ಇನ್ನೊಬ್ಬರು ಆರ್‌ಎಕ್ಸ್ 135 ಬ್ಲಾಕ್ ಹಾಕಿದರೆ ಸುಲಭ ಅಲ್ವಾ ಅಂತ ಕೇಳಿದರು. ಸುಲಭವೇ. ಸ್ಟ್ರೋಕ್ ಅದೇ 50 ಮಿ.ಮೀ., ಬೋರ್ 58. 132 ಸಿಸಿ ಆಗುತ್ತದೆ, ಮೂರನೇ ಒಂದು ಭಾಗ ಜಾಸ್ತಿ. ಆದರೆ ನಿಮ್ಮ ರೇಸ್ ವರ್ಗ ಬದಲಾಗುತ್ತದೆ, ನಿಮಗಿಂತ ದೊಡ್ಡ ಗಾಡಿಗಳ ಜೊತೆ ನಿಲ್ಲಬೇಕಾಗಬಹುದು. ಪಿಸ್ಟನ್ ಭಾರ ಜಾಸ್ತಿಯಾಗುವುದರಿಂದ ರಾಡ್ ಮೇಲಿನ ಎಳೆತವೂ ಜಾಸ್ತಿ. ಮತ್ತೆ ಕ್ರ್ಯಾಂಕ್‌ಗೇ ಬಂದು ನಿಲ್ಲುತ್ತೇವೆ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತರು. ಅವರ ಮಾವನ ಗಾಡಿ ಶೆಡ್‌ನಲ್ಲಿ ಬಿದ್ದಿದೆಯಂತೆ, ಕಾಗದ ಎಲ್ಲ ಇದೆ, ಆದರೆ ದುಡ್ಡು ಕಡಿಮೆ. ಮೊದಲು ಏನು ಕೊಳ್ಳಲಿ ಅಂತ ಕೇಳಿದರು. ನಾನು ಹೇಳಿದೆ: ಸರ್ವಿಸ್ ಮ್ಯಾನುವಲ್, ಡಯಲ್ ಗೇಜ್, ಒಂದು ನೋಟ್ ಪುಸ್ತಕ. ಡಿಗ್ರಿ ಚಕ್ರವನ್ನು ರಟ್ಟಿನಲ್ಲಿ ನೀವೇ ಮಾಡಿಕೊಳ್ಳಬಹುದು. ಎಂಜಿನ್ ಬಿಚ್ಚಿ, ಪ್ರತಿ ಭಾಗ ಅಳೆದು ಬರೆಯಿರಿ, ಮ್ಯಾನುವಲ್ ಅಳತೆಯ ಪಕ್ಕದಲ್ಲೇ ಬರೆಯಿರಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿದರೆ ಮುಂದಿನ ದುಡ್ಡು ಎಲ್ಲಿ ಹೋಗಬೇಕು ಅಂತ ನಿಮಗೇ ತಿಳಿಯುತ್ತದೆ. ಗೇಜ್ ಈಗಲೇ ಕೊಳ್ಳಲು ಆಗದಿದ್ದರೆ ಕ್ರ್ಯಾಂಕ್ ತೆಗೆದುಕೊಂಡು ಗ್ಯಾರೇಜಿಗೆ ಬನ್ನಿ, ನನ್ನದು ಇದೆ. ಒಟ್ಟಿಗೇ ಅಳೆಯೋಣ.